‘ಎಲ್ಲಿಗೆ’ ಎಂದು ಕೇಳದ ಲಾರಿ ಎಣಿಕೆ

ನಾಗರಿಕತೆ ಎಂಬುದು ಸರಕಿನ ಚಲನೆಯ ಮೇಲೆ ನಿಂತಿದೆ. ಧಾನ್ಯ ಹೊಲದಿಂದ ಕಣಜಕ್ಕೆ, ಕಣಜದಿಂದ ಪೇಟೆಗೆ, ಪೇಟೆಯಿಂದ ಒಲೆಗೆ ಚಲಿಸದೆ ಹೋಗಿದ್ದರೆ ರಾಜ್ಯಗಳಿರುತ್ತಿರಲಿಲ್ಲ, ಶಾಸನಗಳಿರುತ್ತಿರಲಿಲ್ಲ, ಒಂದೂರಿನವನಿಗೆ ಇನ್ನೊಂದೂರಿನವನ ಪರಿಚಯವೇ ಇರುತ್ತಿರಲಿಲ್ಲ. ತಮಿಳುನಾಡಿನ ನಮ್ಮ ತೇನಿಯಲ್ಲಿ ಮಾತ್ರ ಸರಕು ಚಲಿಸುವುದಕ್ಕಿಂತ ನಿಂತಿರುವುದೇ ಹೆಚ್ಚು. ರೈಲು ಗೇಟು ಹಾಕಿದೆ.

ಗೇಟಿನ ಮುಂದೆ ನಿಲ್ಲುವ ಲಾರಿಗಳ ಸಾಲನ್ನು ನೋಡುವುದು ನನಗೆ ಹಳೆಯ ಚಟ. ಕಂಬಂ ಕಡೆಯ ದ್ರಾಕ್ಷಿ, ಚಿನ್ನಮನೂರಿನ ಬಾಳೆಗೊನೆ, ಮಲೆಯಿಂದ ಇಳಿದ ಏಲಕ್ಕಿ, ತೆಂಗಿನಕಾಯಿ. ಎದುರು ದಿಕ್ಕಿನಿಂದ ಸಿಮೆಂಟು, ಉಪ್ಪು, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ. ಚಾಲಕರು ಒಬ್ಬೊಬ್ಬರಾಗಿ ಇಂಜಿನ್ ಆರಿಸುತ್ತಾರೆ. ಕೊನೆಯ ಇಂಜಿನ್ ಆರಿದ ಮೇಲೆ ಒಂದು ಮೌನ ಇಳಿಯುತ್ತದೆ. ಆ ಮೌನದಲ್ಲಿ ತಲೆಯೆತ್ತಿದರೆ ಎರಡೂ ಕಡೆ ಬೆಟ್ಟ, ಬೆಟ್ಟದ ಹೆಗಲ ಮೇಲೆ ಒಣಗಲು ಹಾಕಿದ ಪಂಚೆಯಂಥ ಮೋಡ. ಕಣಿವೆಯ ಗಾಳಿ ಬಾಳೆಹಣ್ಣು, ಡೀಸೆಲ್, ಏಲಕ್ಕಿ ಮೂರನ್ನೂ ಒಟ್ಟಿಗೆ ಕಲಸಿ ಮುಖಕ್ಕೆ ತರುತ್ತದೆ. ಇಷ್ಟೆಲ್ಲ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಂಥ ಹೊತ್ತಿನಲ್ಲಿ ಯಾರ ಮನಸ್ಸಿಗೂ ಬರಬಹುದು. ನನ್ನ ಮನಸ್ಸಿಗೂ ಬರುತ್ತಿತ್ತು. ಕೇಳುವ ಬಾಯಿ ಮಾತ್ರ ನನಗಿರಲಿಲ್ಲ.

ಅದಕ್ಕೆ ಕಾರಣವಿದೆ. ನನಗೆ ಏಳು ವರ್ಷವಿದ್ದಾಗ ನಮ್ಮಪ್ಪ ಬಾಳೆಗೊನೆಗಳನ್ನು ಎತ್ತಿನ ಗಾಡಿಗೆ ಹೇರಿ ಶನಿವಾರದ ಸಂತೆಗೆ ಹೊರಟಿದ್ದರು. ಗಾಡಿಯ ನೊಗಕ್ಕೆ ಎತ್ತು ಕಟ್ಟಿ, ಕಾಲಿಟ್ಟು ಹತ್ತಿ, ಹಗ್ಗ ಹಿಡಿದಿದ್ದರು. ಅವರು ಎಲ್ಲಿಗೆ ಹೊರಟಿದ್ದಾರೆ ಎಂಬುದು ನನಗೂ ಗೊತ್ತು, ಎತ್ತುಗಳಿಗೂ ಗೊತ್ತು. ಆದರೂ ಸುಮ್ಮನೆ, ಒಂದು ಮಾತು ಆಡಬೇಕೆಂಬ ಪ್ರೀತಿಯಿಂದ, "ಎಲ್ಲಿಗೆ ಓಗ್ತೀಯಪ್ಪಾ?" ಎಂದು ಕೇಳಿಬಿಟ್ಟೆ.

ಅಪ್ಪ ಹಗ್ಗ ಬಿಟ್ಟರು. ಇಳಿದರು. ಎತ್ತುಗಳನ್ನು ಬಿಚ್ಚಿದರು. ಮನೆಯೊಳಗೆ ಬಂದು ಒಂದು ಚೊಂಬು ನೀರು ಕುಡಿದರು. ಜಗಲಿಯ ಮೇಲೆ ಕೂತು ನಿಧಾನವಾಗಿ ಎಲೆಯಡಿಕೆ ಹಾಕಿಕೊಂಡರು. ಕೆಟ್ಟ ಶಕುನ ತಾನಾಗಿ ಬೇಸತ್ತು ಎದ್ದು ಹೋಗುವಷ್ಟು ಹೊತ್ತು ಕೂತು, ಆಮೇಲೆ ಮತ್ತೆ ಎತ್ತು ಕಟ್ಟಿದರು. ಸಂತೆ ಮುಟ್ಟುವಷ್ಟರಲ್ಲಿ ಕೊಳ್ಳುವವರು ಕರಗಿದ್ದರು. ಅರ್ಧದಷ್ಟು ಗೊನೆಗಳು ವಾಪಸು ಬಂದವು. ಒಂದು ವಾರ ನಾವು ಮೂರು ಹೊತ್ತೂ ಬಾಳೆಹಣ್ಣು ತಿಂದೆವು. ಅಪ್ಪ ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. ಅಂದಿನಿಂದ ಹೊರಟು ನಿಂತ ಯಾರನ್ನೂ ನಾನು ಎಲ್ಲಿಗೆ ಎಂದು ಕೇಳಿದವನಲ್ಲ. ಮೂವತ್ತು ವರ್ಷ ಭೂಗೋಳದ ಮೇಷ್ಟ್ರಾಗಿ ನದಿಗಳು ಎಲ್ಲಿಗೆ ಹೋಗುತ್ತವೆ ಎಂದು ಮಕ್ಕಳನ್ನು ಕೇಳಿದ್ದೇನೆ. ನದಿಗಳು ಅದಕ್ಕಾಗಿ ಹಿಂದಿರುಗಿ ಬಂದು ಜಗಲಿಯ ಮೇಲೆ ಕೂರಲಿಲ್ಲ.

ಇಂಥ ನನ್ನನ್ನು ಎರಡು ವರ್ಷದ ಹಿಂದೆ ಲಾರಿ ಎಣಿಸುವ ಕೆಲಸಕ್ಕೆ ಹಚ್ಚಿದವಳು ಅಕ್ಕನ ಮಗಳು. ಅವಳು ಕೊಯಮತ್ತೂರಿನ ಒಂದು ಯೋಜನಾ ಕಚೇರಿಯಲ್ಲಿದ್ದಾಳೆ. ಒಂದು ಊರಿನೊಳಗೆ ಲಾರಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತವೆ ಎಂದು ಎಣಿಸಿ, ಆ ಎಣಿಕೆಯನ್ನು ಕಂಪ್ಯೂಟರಿಗೆ ಉಣ್ಣಿಸಿ, ಅದರೊಳಗೆ ಒಂದು ಸುಳ್ಳು ಊರನ್ನು ಕಟ್ಟಿ, ಆ ಸುಳ್ಳು ಊರಿನಲ್ಲಿ ಸುಳ್ಳು ಲಾರಿಗಳನ್ನು ಓಡಿಸಿ ನೋಡಿ, ನಿಜವಾದ ಊರಿನ ಯಾವ ಬೀದಿಗೆ ಯಾವ ಹೊತ್ತಿನಲ್ಲಿ ಲಾರಿ ಬಿಡಬಹುದು ಎಂದು ಆಡಳಿತದವರಿಗೆ ಬರೆದು ಕೊಡುವುದು ಅವರ ಉದ್ಯೋಗ. ತೇನಿಯ ಸರದಿ ಬಂದಾಗ ಅವಳಿಗೆ ನಂಬಿಕಸ್ಥರು ಬೇಕಾಗಿದ್ದರು.

"ಮಾಮಾ, ನೀವು ಬಂದ್ರೆ ನನಗೆ ನೆಮ್ಮದಿ. ನೀವು ಪೊಯ್ ಬರೆಯೋ ಆಳಲ್ಲ," ಎಂದಳು. ಇಲ್ಲಿಯ ನಮ್ಮ ಕನ್ನಡ ಮನೆಗಳ ಹುಡುಗಿಯರು ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಇಳಿಯುತ್ತಾರೆ. ಪೊಯ್ ಎಂದರೆ ಸುಳ್ಳು. ಸುಳ್ಳು ಬರೆಯುವುದಿಲ್ಲ ಎಂಬ ಹೊಗಳಿಕೆಗೆ ನಾನು ಸೋತೆ.

ನನಗೆ ಕೊಟ್ಟದ್ದು ಮಾರುಕಟ್ಟೆ ಬೀದಿಯ ಬಾಯಿ, ಮೂರು ಬೆಳಗು, ಒಂದು ಕಿತ್ತಳೆ ಬಣ್ಣದ ಮಿನುಗುವ ಜಾಕೀಟು, ಒಂದು ರಟ್ಟಿನ ಹಲಗೆ, ಅದಕ್ಕೆ ಸಿಕ್ಕಿಸಿದ ಹಾಳೆಗಳು. ಹಾಳೆಯಲ್ಲಿ ಐದು ಕಾಲಂ: ಹೊತ್ತು, ಗಾಡಿಯ ನಂಬರು, ಸರಕು, ಎಲ್ಲಿಂದ, ಎಲ್ಲಿಗೆ. ಕೆಳಗೆ ಅಚ್ಚಾದ ಸೂಚನೆ: ಚಾಲಕ ಹೇಳಿದ್ದನ್ನು ಮಾತ್ರ ಬರೆಯಬೇಕು, ಊಹಿಸಿ ಬರೆಯಬಾರದು. ನಾನು ಆ ಸೂಚನೆಯನ್ನು ವೇದದಂತೆ ಪಾಲಿಸಿದೆ. ಬೀದಿಯಲ್ಲಿ ಸಾಮಾನು ಹೇರಿಕೊಂಡು ಹೊರಡುವ ಪ್ರತಿ ಲಾರಿಯನ್ನೂ ನಿಲ್ಲಿಸಿದೆ. ನಂಬರು ಬರೆದೆ, ಸರಕು ಬರೆದೆ, "ಎಲ್ಲಿಂದ ಬಂದ್ರಿ?" ಎಂದು ಕೇಳಿ ಬರೆದೆ. ಆಮೇಲೆ ಚಾಲಕ ಚಕ್ರದ ಕೆಳಗಿಟ್ಟ ನಿಂಬೆಹಣ್ಣನ್ನು ನೋಡಿದೆ. ಕನ್ನಡಿಗೆ ತೂಗುಬಿಟ್ಟ ಮಲ್ಲಿಗೆಯನ್ನು ನೋಡಿದೆ. ಐದನೆಯ ಕಾಲಮ್ಮಿನಲ್ಲಿ ಒಂದು ಅಂದವಾದ ಸಣ್ಣ ಗೀಟು ಎಳೆದು, "ಒಳ್ಳೇದಾಗಿ ಓಯ್ಟು ಬನ್ನಿ," ಎಂದು ಹೋಗಿ ಬರಲು ಹರಸಿ ಕಳಿಸಿದೆ.

ಮೂರು ಬೆಳಗೂ ಗೀಟು ಎಳೆದೆ. ಎಲ್ಲ ಒಂದೇ ಉದ್ದ, ಒಂದೇ ದಪ್ಪ. ಹಾಳೆ ದೂರ ಹಿಡಿದು ನೋಡಿದರೆ ಐದನೆಯ ಕಾಲಂ ಸಂಜೆಯ ಕೆರೆಯ ಮೇಲಿನ ಅಲೆಗಳ ಹಾಗೆ ಕಾಣುತ್ತಿತ್ತು. ಜಾಕೀಟು ತೊಟ್ಟ ನನ್ನನ್ನು ಕಂಡು ಹಳೆಯ ವಿದ್ಯಾರ್ಥಿಗಳು ಬೀಡಿ ಹಿಂದೆ ಮುಚ್ಚಿಟ್ಟುಕೊಂಡರು. ಒಬ್ಬ ಮೀಸೆ ನರೆತ ಚಾಲಕ ಅಭ್ಯಾಸ ಬಲದಿಂದ ಎದ್ದು ನಿಂತ. ನನ್ನ ಸೇವೆಯಲ್ಲಿ ಏನೂ ಕೊರತೆಯಿದೆ ಎಂದು ನನಗೆ ಅನ್ನಿಸಲಿಲ್ಲ.

ಇಲ್ಲಿ ಅಕ್ಕನ ಮಂಡಿಯ ವಿಚಾರ ಹೇಳಬೇಕು. ಮಾರುಕಟ್ಟೆ ಬೀದಿಯಲ್ಲಿ ಅಕ್ಕನದು ಬಾಳೆಎಲೆಯ ಮಂಡಿ. ಭಾವ ಹೋದ ಮೇಲೆ ಇಪ್ಪತ್ತು ಚಿಲ್ಲರೆ ವರ್ಷದಿಂದ ಅವಳೇ ನಡೆಸುತ್ತಿದ್ದಾಳೆ. ಬೆಳಕು ಹರಿಯುವ ಹೊತ್ತಿಗೆ ಸುತ್ತಲ ತೋಟಗಳಿಂದ ಸೈಕಲ್ಲಿನಲ್ಲಿ, ಟೂ ವೀಲರಿನಲ್ಲಿ ಎಲೆ ಬರುತ್ತದೆ. ಅಕ್ಕ ಮಣೆಯ ಮೇಲೆ ಕೂತು ಕುಡಿಎಲೆ ಬೇರೆ, ಅಗಲದೆಲೆ ಬೇರೆ ಮಾಡಿ, ಮಡಿಸಿ, ಬಾಳೆನಾರಿನಲ್ಲಿ ಕಟ್ಟು ಕಟ್ಟಿಸಿ, ಒದ್ದೆ ಗೋಣಿ ಹೊದಿಸುತ್ತಾಳೆ. ಸಣ್ಣ ಲಾರಿಗಳು ಬಾಗಿಲಿಗೇ ಬಂದು ಹೇರಿಕೊಂಡು ಹೊರಡುತ್ತವೆ. ನಮ್ಮ ಕಡೆ ಈ ಸಣ್ಣ ಲಾರಿಗೆ ಕುಟ್ಟಿ ಯಾನೆ ಎನ್ನುತ್ತಾರೆ, ಅಂದರೆ ಮರಿಯಾನೆ. ಆನೆಗೆ ಬಾಳೆಎಲೆ ಕೊಟ್ಟು ಕಳಿಸುವುದರಲ್ಲಿ ಒಂದು ಔಚಿತ್ಯವಿದೆ. ಎಲೆಯ ಕಟ್ಟನ್ನು ಒಂದು ಸಲ ಎತ್ತಬಹುದು, ಒಂದು ಸಲ ಇಳಿಸಬಹುದು. ನಡುವೆ ಇನ್ನೊಂದು ಸಲ ಎತ್ತಿ ಇಳಿಸಿದರೆ ನರದ ಉದ್ದಕ್ಕೆ ಸೀಳುತ್ತದೆ. ಸೀಳಿದ ಎಲೆಯಲ್ಲಿ ಮದುವೆಯ ಊಟ ಬಡಿಸುವುದಿಲ್ಲ. ಹಾಗಾಗಿ ಬಾಗಿಲಿಗೆ ಲಾರಿ ಬಂದರೆ ಮಂಡಿ ಉಂಟು, ಬಾರದಿದ್ದರೆ ಇಲ್ಲ.

ಎರಡು ತಿಂಗಳ ನಂತರ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮಗಳು ಬಂದಳು. ಊಟ ಮುಗಿದಿತ್ತು. ಅವಳು ಲ್ಯಾಪ್‌ಟಾಪು ತೆರೆದು ತನ್ನ ಸುಳ್ಳು ತೇನಿಯನ್ನು ತೋರಿಸಿದಳು. ಕಪ್ಪು ತೆರೆಯ ಮೇಲೆ ದಾರದಂಥ ಬೀದಿಗಳು. ಬೆಟ್ಟಗಳಿರಬೇಕಾದ ಕಡೆಯಿಂದ ಹೊಳೆಯುವ ಚುಕ್ಕೆಗಳು ಇಳಿದು ಬಂದವು. ಒಂದೊಂದು ಚುಕ್ಕೆ ಒಂದೊಂದು ಲಾರಿ. ಕಾರ್ತಿಕದಲ್ಲಿ ಹೊಳೆಗೆ ಬಿಟ್ಟ ದೀಪಗಳ ಹಾಗೆ ಅವು ತೇಲಿ ತೇಲಿ ತಿರುವುಗಳಲ್ಲಿ ನಿಧಾನಿಸಿ, ಗೇಟಿನ ಹತ್ತಿರ ಗುಂಪಾಗಿ, ಮತ್ತೆ ಹರಿದು ಬಂದವು. ನಾನು ಭೂಗೋಳದ ಮೇಷ್ಟ್ರು. ಗೋಡೆಗೆ ತೂಗುಹಾಕಿದ ನಕಾಶೆ ಉಸಿರಾಡುವುದನ್ನು ಅಂದೇ ನೋಡಿದ್ದು. ಕಣ್ಣು ತೇವವಾಯಿತು ಎಂದರೆ ನಂಬಬೇಕು.

ಆದರೆ ಚುಕ್ಕೆಗಳೆಲ್ಲ ಮಾರುಕಟ್ಟೆ ಬೀದಿಗೆ ಬಂದವು. ಬಂದು ನಿಂತವು. ಇನ್ನೂ ಬಂದವು. ಯಾವುದೂ ಹೊರಗೆ ಹೋಗಲಿಲ್ಲ. ದಾರ ಹಗ್ಗವಾಯಿತು, ಹಗ್ಗ ಕೆಂಪಾಯಿತು.

ಅಕ್ಕ ಕನ್ನಡಕ ಏರಿಸಿ ಕೇಳಿದಳು, "ಕಣ್ಣೂ, ಇದೇನ್ ಇಷ್ಟ್ ಸೆವಪ್ಪು?"

"ನಿಮ್ ಬೀದಿ ಅಮ್ಮಾ ಅದು. ಲಾರಿಯೆಲ್ಲಾ ಅಲ್ಲಿಗೇ ಬಂದು ಅಲ್ಲೇ ನಿಂತೋಗುತ್ತೆ ಅಂತ ಬತ್ತಾ ಇದೆ. ಮೂರ್ ದಿನದ ಎಣಿಕೇಲಿ ಒಂದೂ ಆಚೆ ಓಗಿಲ್ಲ."

"ಆಚೆ ಓಗಿಲ್ವಾ? ಆಗಾದ್ರೆ ನನ್ ಎಲೆಯೆಲ್ಲಾ ನಾನೇ ತಿಂದ್ಬುಟ್ನಾ?"

"ನಾನೂ ಅದೇ ಯೋಚಿಸ್ದೆ. ಆದ್ರೆ ಕಂಪ್ಯೂಟರ್ ಅಂಗ್ ಏಳುತ್ತೆ. ಇಷ್ಟ್ ಲಾರಿ ಬಂದ್ ತಂಗೋ ಬೀದೀಲಿ ಲಾರಿಯೇ ಬೇಡ, ಪೂರಾ ನಿಲ್ಸಿ, ಬೈಪಾಸ್ ರೋಡಲ್ಲಿ ಒಂದ್ ಯಾರ್ಡ್ ಮಾಡಿ, ಅಲ್ಲಿಂದ ತಳ್ಳುಗಾಡೀಲಿ ಸಾಮಾನ್ ತನ್ನಿ ಅಂತ ಬರೀಬೇಕಾಗುತ್ತೆ."

"ತಳ್ಳುಗಾಡೀಲಿ," ಎಂದಳು ಅಕ್ಕ. ತನ್ನ ಅಂಗೈ ನೋಡಿಕೊಂಡಳು. ಬಾಳೆಯ ಕರೆ ಹತ್ತಿ ಹತ್ತಿ ಅವಳ ಅಂಗೈಗೆ ಹಳೆಯ ಮರದ ಬಣ್ಣ ಬಂದಿದೆ.

ಅಕ್ಕನ ಮಗಳು ಎಣಿಕೆಯ ಹಾಳೆಗಳನ್ನು ಒಂದೊಂದಾಗಿ ತೆರೆದಳು. ಗೀಟಿನ ಕೆರೆ ಅವಳ ಮುಂದೆ ಹರಡಿತು. ಅವಳ ಕಚೇರಿಯ ಕಂಪ್ಯೂಟರಿಗೆ ಒಂದು ನಿಯಮವಿತ್ತಂತೆ: ‘ಎಲ್ಲಿಗೆ’ ಖಾಲಿಯಿದ್ದರೆ, ಎಣಿಸಿದ ಜಾಗವೇ ಆ ಲಾರಿಯ ಕೊನೆಯ ನಿಲ್ದಾಣ ಎಂದು ತಿಳಿಯತಕ್ಕದ್ದು. ಹೀಗೆ ಮೂರು ಬೆಳಗು ನಾನು ಒಳ್ಳೆಯದಾಗಲೆಂದು ಹರಸಿ ಕಳಿಸಿದ ಲಾರಿಗಳನ್ನೆಲ್ಲ ಆ ಯಂತ್ರ ಹಿಡಿದು ಹಿಡಿದು ನನ್ನ ಅಕ್ಕನ ಬಾಗಿಲಿನಲ್ಲೇ ನಿಲ್ಲಿಸಿತ್ತು.

"ಮಾಮಾ," ಎಂದಳು ಅವಳು, "ಎಲ್ಲಿಗೆ ಅಂತ ಕೇಳ್ಲೇ ಇಲ್ವಾ?"

"ಹೊರಟವರನ್ನ ಎಂಗಮ್ಮಾ ಕೇಳೋದು?"

ಬೈಯಲು ಅವಳಿಂದಾಗಲಿಲ್ಲ. ಬೆಳಿಗ್ಗೆ ಕೊಯಮತ್ತೂರಿನಿಂದ ಹೊರಡುವಾಗ ಪಕ್ಕದ ಮನೆಯವಳು ಎಲ್ಲಿಗೆ ಎಂದು ಕೇಳಿದ್ದಕ್ಕೆ ತಾನೇ ಚಪ್ಪಲಿ ಬಿಚ್ಚಿ ಒಳಗೆ ಹೋಗಿ ಐದು ನಿಮಿಷ ಕೂತು ಬಂದವಳು. ಊಟಕ್ಕೆ ಕೂತಾಗ ಅದನ್ನು ಅವಳೇ ಹೇಳಿದ್ದಳು.

ವರದಿ ಒಪ್ಪಿಸಲು ಹತ್ತು ದಿನ ಉಳಿದಿತ್ತು. ಇನ್ನೊಮ್ಮೆ ಎಣಿಸಲು ಕಚೇರಿ ಜನ ಕೊಡುವುದಿಲ್ಲ, ಮಾಮನೇ ಎಣಿಸಿದರೆ ಬೇಡವೆನ್ನುವುದಿಲ್ಲ ಎಂದು ಅವಳು ಹೇಳಿದಳು. "ಈ ತಡವೆ ಕೇಳೇಬೇಕು ಮಾಮಾ." ಈ ಸಲ ಕೇಳುತ್ತೇನೆ ಎಂದು ಮಾತು ಕೊಟ್ಟೆ.

ಆ ಮಧ್ಯಾಹ್ನ ಅಕ್ಕನ ಮನೆಯ ಮಂಚದ ಮೇಲೆ ಒರಗಿದವನಿಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಜೊಂಪು ಹತ್ತಿತು. ಮಾರುಕಟ್ಟೆ ಬೀದಿಯ ತುಂಬ ಲಾರಿ. ಲಾರಿಯ ಮೇಲೆ ಲಾರಿ, ಅದರ ಮೇಲೆ ಮತ್ತೊಂದು, ಮಾಳಿಗೆಗಳ ಎತ್ತರಕ್ಕೆ. ಯಾವುದಕ್ಕೂ ಸದ್ದಿಲ್ಲ. ಚಕ್ರಗಳಿಂದ ಬಾಳೆಯ ಕಂದು ಒಡೆದು ಸುರುಳಿ ಎಲೆಗಳು ಬಿಚ್ಚಿಕೊಳ್ಳುತ್ತಿದ್ದವು. ಮೇಲಿನ ಲಾರಿಯೊಂದರಲ್ಲಿ ನಮ್ಮಪ್ಪ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು, ಅವಸರವಿಲ್ಲದೆ, ಹಗ್ಗ ಕೈಯಲ್ಲೇ ಇತ್ತು. ಅವರು ನನ್ನ ಕಡೆ ನೋಡಿದರು. ನಾನು ಕೇಳಿದ್ದ ಪ್ರಶ್ನೆ ಹಿಂದಕ್ಕೆ ಪಡೆಯುವ ತನಕ ಯಾವ ಲಾರಿಯೂ ಅಲುಗುವಂತಿಲ್ಲ ಎಂದು ಅವರ ನೋಟದಲ್ಲಿತ್ತು.

ಮರುದಿನ ಬೆಳಿಗ್ಗೆ ಜಾಕೀಟು ತೊಟ್ಟು ಬೀದಿಯ ಬಾಯಲ್ಲಿ ನಿಂತೆ. ಮೊದಲ ಲಾರಿಯವನನ್ನು ಟೈರು ಹೇಗಿದೆ ಎಂದು ಕೇಳಿದೆ. ಎರಡನೆಯವನನ್ನು ಮಳೆ ಬರಬಹುದೇ ಎಂದು ಕೇಳಿದೆ. ಮೂರನೆಯದು ಈರುಳ್ಳಿ ಲಾರಿ. ಕಣ್ಣು ಮುಚ್ಚಿ ಕೇಳಿಯೇಬಿಟ್ಟೆ: "ಎಲ್ಲಿಗೆ?"

ಆತ ನನ್ನನ್ನು ಒಂದು ಗಳಿಗೆ ನೋಡಿದ. ಇಂಜಿನ್ ಆರಿಸಿದ. ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಇಳಿದು, ಟೀ ಅಂಗಡಿಗೆ ಹೋಗಿ, ಒಂದು ಲೋಟ ನೀರು ಕೇಳಿ ಕುಡಿದು, ಬೆಂಚಿನ ಮೇಲೆ ಕೂತ. ಅವನ ಹಿಂದೆ ನಾಲ್ಕು ಲಾರಿ, ಎರಡು ಹಾಲಿನ ವ್ಯಾನು, ಒಂದು ಶಾಲೆಯ ಬಸ್ಸು ನಿಂತವು. ಬಸ್ಸಿನೊಳಗಿನ ಮಕ್ಕಳು ಕಿಟಕಿಯಿಂದ ನನ್ನ ಜಾಕೀಟಿಗೆ ಕೈ ಬೀಸಿದರು. ಸಂಚಾರವನ್ನು ಅಳೆಯಲು ಹೋಗಿ ಸಂಚಾರವನ್ನೇ ನಿಲ್ಲಿಸಿದ ಸಮೀಕ್ಷೆ ಇದೊಂದೇ ಇರಬೇಕು. ಇಪ್ಪತ್ತು ನಿಮಿಷದ ಮೇಲೆ ಆತ ಎದ್ದು ಬಂದು, ನನ್ನತ್ತ ನೋಡದೆ ಲಾರಿ ಹತ್ತಿ ಹೋದ. ಎಲ್ಲಿಗೆ ಎಂದು ಹೇಳಲಿಲ್ಲ.

ಗದ್ದಲವನ್ನೆಲ್ಲ ಅಕ್ಕ ಮಂಡಿಯ ಮಣೆಯ ಮೇಲಿಂದಲೇ ನೋಡಿದ್ದಳು. ನಾನು ಹೋಗಿ ಗೋಣಿಯ ಮೇಲೆ ಕೂತೆ. ಅವಳು ಎಲೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಎಷ್ಟ್ ಓದಿದ್ದೀಯ ನೀನು," ಎಂದಳು.

"ಯಾಕೆ?"

"ಸುಮ್ನೆ ಕೇಳ್ದೆ. ಓಗೋವನ್ನ ಕೇಳ್ಕೂಡ್ದು, ಸರಿ. ಬಂದವನ್ನ ಎಲ್ಲಿಂದ ಬಂದೆ ಅಂತ ಕೇಳೋಕೆ ಏನಂತೆ?"

"ಅದನ್ನ ಕೇಳ್ದೆನಲ್ಲಾ."

"ಇಲ್ ಕೇಳ್ದೆ. ತಿಂಡುಕಲ್ಲಲ್ ಓಗಿ ಕೇಳು. ಅಲ್ ಇಳಿಯೋನು ತೇನಿಯಿಂದ ಬಂದೆ ಅಂದ್ರೆ, ತೇನಿಯಿಂದ ಹೊರಟೋನು ಅಲ್ಲಿಗ್ ಓದ ಅಂತ ತಾನೆ?"

ಮೂವತ್ತು ವರ್ಷ ಭೂಗೋಳ ಕಲಿಸಿದವನು ನಾನು. ಅಕ್ಕ ಓದಿದ್ದು ನಾಲ್ಕನೆಯ ತರಗತಿ.

"ಮದುರೆ, ಕುಮುಳಿ ಕಡೆಗೂ ಓಗುತ್ತಲ್ಲ ಅಕ್ಕಾ?"

"ಅಲ್ಲೆಲ್ಲಾ ನನ್ ಎಲೆ ತಕ್ಕೊಳೋರ್ ಇಲ್ವಾ? ಪೋನ್ ಹಾಕ್ತೀನಿ. ಬಂದ್ ಗಾಡಿ ನಂಬರ್ ಬರ್ಕೊಳೀಂತೀನಿ. ಇಲ್ಲಿ ಹೊರಡೋದ್ ನಾನ್ ನೋಡ್ಕೋತೀನಿ. ಆ ಚೊಕ್ಕಾಯಿ ಇತ್ತ ಕೊಡು."

ಜಾಕೀಟು ಬಿಚ್ಚಿ ಕೊಟ್ಟೆ. ಅವಳು ಅದನ್ನು ಸೀರೆಯ ಮೇಲೆ ತೊಟ್ಟು ಗುಂಡಿ ಹಾಕಿಕೊಂಡಳು. ಆಮೇಲಿನ ಮೂರು ಬೆಳಗು ಮಾರುಕಟ್ಟೆ ಬೀದಿ ಕಿತ್ತಳೆ ಜಾಕೀಟಿನ ಎಪ್ಪತ್ತರ ಹೆಂಗಸೊಬ್ಬಳ ಆಳ್ವಿಕೆಯಲ್ಲಿತ್ತು. ಅವಳು ಯಾರನ್ನೂ ಏನೂ ಕೇಳಲಿಲ್ಲ. ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಎಲೆಕಟ್ಟಿನ ಮೇಲೆ ಬರೆಯುವ ನೀಲಿ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದಳು.

ನಾನು ಎಲೆಯ ಮರಿಯಾನೆಯಲ್ಲಿ ಚಾಲಕನ ಪಕ್ಕ ಕೂತು, ಅಕ್ಕನ ಬಾಯಲ್ಲಿ ತಿಂಡುಕಲ್ಲಾದ ದಿಂಡಿಗಲ್ಲಿಗೆ ಹೊರಟೆ. ಚಾಲಕ ಚಿನ್ನಮನೂರು ಕಡೆಯ ನಮ್ಮವನೇ. ಅಕ್ಕನ ಎಲೆಯನ್ನು ಎಂಟು ವರ್ಷದಿಂದ ಸಾಗಿಸುತ್ತಿರುವವನು. ಗೇಟು ದಾಟಿದ ಮೇಲೆ ಮೇಷ್ಟ್ರನ್ನು ಮಾತಿಗೆಳೆದ.

"ವಾತ್ಯಾರೇ, ಅವತ್ತು ಮೂರ್ ದಿನ ನನ್ ನಂಬರ್ ಬರ್ಕೊಂಡ್ರಿ. ಎಲ್ಲಿಗೆ ಅಂತ ಒಂದ್ ತಡವೆ ಕೇಳ್ಲಿಲ್ಲ. ಮನೇಗ್ ಓಗಿ ಎಂಡ್ತಿಗ್ ಏಳ್ದೆ, ಓದಿದೋರ್ ಅಂದ್ರೆ ಅವ್ರಪ್ಪಾ ಅಂತ."

"ಅದ್ರಿಂದ್ಲೇ ಈಗ ನಿನ್ ಗಾಡಿ ಬೀದಿಗ್ ಬರ್ದಂಗಾಗೋದ್ರಲ್ಲಿತ್ತು."

"ಅದೂ ಏಳಿದ್ಲು ಅವ್ಳು. ಓದಿದೋರ್ ಸವಾಸ ಬೇಡ ಅಂತ."

ಪೆರಿಯಕುಳಂ ಬಂತು. ಮಾವಿನ ತೋಪುಗಳ ಕೆಳಗೆ ರಾತ್ರಿಯ ತಂಪು ಇನ್ನೂ ಮಲಗಿತ್ತು. ಹಿಂದೆ ಒದ್ದೆ ಎಲೆಗಳು ಲಾರಿಯ ಅಲುಗಾಟಕ್ಕೆ ಒಂದಕ್ಕೊಂದು ಏನೋ ಪಿಸುಗುಟ್ಟುತ್ತಿದ್ದವು. ಅವು ಬೆಳಿಗ್ಗೆ ಗಿಡದಲ್ಲಿದ್ದವು; ಮಧ್ಯಾಹ್ನ ಯಾರದೋ ಮದುವೆಯಲ್ಲಿ ಅನ್ನದ ಕೆಳಗಿರುತ್ತವೆ; ಎರಡರ ನಡುವಿನ ಈ ಎರಡು ಗಂಟೆ ಮಾತ್ರ ಅವುಗಳ ಸ್ವಂತದ್ದು. ಎಡಕ್ಕೆ ಕೊಡೈ ಬೆಟ್ಟ ನಮ್ಮ ಜೊತೆಗೇ ನಡೆದು ಬರುತ್ತಿತ್ತು. ವತ್ತಲಗುಂಡಿನ ಹತ್ತಿರ ನಿಲಕ್ಕೋಟ್ಟೈ ಕಡೆಯಿಂದ ಬಂದ ಹೂವಿನ ವ್ಯಾನೊಂದು ನಮ್ಮ ಮುಂದೆ ಸೇರಿಕೊಂಡಿತು. ಅಲ್ಲಿಂದ ಮುಂದೆ ರಸ್ತೆಯ ತುಂಬ ಮಲ್ಲಿಗೆ. ಚಾಲಕ ಅದನ್ನು ಹಿಂದೆ ಹಾಕಲಿಲ್ಲ. ಹಾಕಬಹುದಿತ್ತು, ರಸ್ತೆ ಖಾಲಿಯಿತ್ತು. "ಇರ್ಲಿ ಬುಡಿ, ವಾಸನೆ ಬತ್ತದೆ," ಎಂದ. ಯಾವ ಮಾದರಿಯಲ್ಲೂ ಇದಕ್ಕೆ ಕಾಲಮ್ಮಿಲ್ಲ ಎಂದುಕೊಂಡೆ. ಸರಕು ಸಾಗಣೆಯಲ್ಲಿ ಆಗುವ ತಡಕ್ಕೆ ರೈಲು ಗೇಟು, ಪೊಲೀಸು, ಗುಂಡಿ ಎಂದು ಕಾರಣ ಬರೆಯುತ್ತಾರೆ. ಮಲ್ಲಿಗೆ ಎಂದು ಬರೆದವರಿಲ್ಲ.

ದಿಂಡಿಗಲ್ಲಿನ ಬಂಡೆ ಮೊದಲು ಮೋಡದಂತೆ, ಆಮೇಲೆ ಮಲಗಿದ ಎಮ್ಮೆಯಂತೆ, ಕೊನೆಗೆ ತನ್ನಂತೆಯೇ ಕಂಡಿತು. ಮಾರುಕಟ್ಟೆಯ ಬಾಯಲ್ಲಿ ತರಕಾರಿಯ ಕ್ರೇಟೊಂದನ್ನು ಬೋರಲು ಹಾಕಿ ಕೂತೆ. ಬಂದು ನಿಂತ ಲಾರಿಯವನನ್ನು, "ಎಲ್ಲಿಂದ ಬಂದ್ರಿ?" ಎಂದು ಕೇಳಿದೆ.

ನನಗೆ ಗೊತ್ತಿರದಿದ್ದ ಸಂಗತಿ ಅಲ್ಲಿ ಗೊತ್ತಾಯಿತು. ಹೊರಡುವವನ ಬಾಯಿಗೆ ಬೀಗವಿರುತ್ತದೆ. ತಲುಪಿದವನ ಬಾಯಿ ನಿಲ್ಲುವುದಿಲ್ಲ. ಎಲ್ಲಿಂದ ಎಂದು ಕೇಳಿದ್ದಕ್ಕೆ ಊರು ಹೇಳಿದರು, ತೋಟ ಹೇಳಿದರು, ಯಾವ ಗೇಟಿನಲ್ಲಿ ಎಷ್ಟು ಹೊತ್ತು ನಿಂತೆವು ಹೇಳಿದರು, ಯಾವ ಬೀದಿಯಲ್ಲಿ ತಿರುಗಲಾಗದೆ ಕನ್ನಡಿ ಒಡೆಯಿತು ಹೇಳಿದರು, ಹೆಂಡತಿಯ ಮಂಡಿನೋವು ಹೇಳಿದರು. ಹಾಳೆ ಸಾಲದೆ ಹಿಂದೆ ಬರೆದೆ. ನನ್ನನ್ನು ಇಪ್ಪತ್ತು ನಿಮಿಷ ಬೀದಿಯಲ್ಲಿ ನಿಲ್ಲಿಸಿದ ಈರುಳ್ಳಿ ಲಾರಿಯವನೂ ಎರಡನೆಯ ದಿನ ಬಂದ. ಕ್ರೇಟಿನ ಮೇಲೆ ನನ್ನನ್ನು ಕಂಡು ಅನುಮಾನಿಸಿದ. ನಾನು, "ಎಲ್ಲಿಂದ ಬಂದ್ರಿ?" ಎಂದೆ.

ಆತನ ಮುಖ ಬಿಚ್ಚಿಕೊಂಡಿತು. "ಅಪ್ಪಡಿ ಕೇಳುಂಗ ಐಯಾ," ಎಂದ. ಹಾಗೆ ಕೇಳಿ ಸ್ವಾಮಿ. ತೇನಿ ಎಂದು ತಾನೇ ನನ್ನ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿ ಬರೆಸಿದ.

ಹೀಗೆ ಮೂರು ದಿನ. ಬೆಳಿಗ್ಗೆ ಮಲ್ಲಿಗೆಯ ಹಿಂದೆ ಹೋಗುವುದು, ಮಧ್ಯಾಹ್ನ ಖಾಲಿ ಲಾರಿಯಲ್ಲಿ ತೂಕಡಿಸುತ್ತ ಬರುವುದು. ಮಧುರೆಯ ಎಲೆ ಅಂಗಡಿಯವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರುಗಳ ಫೋಟೋ ಕಳಿಸಿದರು. ಅಕ್ಕನ ದನಿಯನ್ನಷ್ಟೇ ಬಲ್ಲ, ಮುಖ ಕಾಣದ ಕುಮುಳಿಯ ವ್ಯಾಪಾರಿ ಫೋನಿನಲ್ಲಿ ಒಂದೊಂದೇ ಅಂಕಿ ಹೇಳಿ ಬರೆಸಿದ. ಅಕ್ಕನ ನೀಲಿ ಪೆನ್ಸಿಲಿನ ನಂಬರುಗಳನ್ನೂ ನಮ್ಮ ನಂಬರುಗಳನ್ನೂ ಅಕ್ಕನ ಮಗಳು ಎದುರುಬದುರು ಇಟ್ಟಳು. ಒಂದೊಂದು ಗೀಟಿಗೂ ಅದರ ಊರು ಸಿಕ್ಕತೊಡಗಿತು. ಸಿಗದವೂ ಇದ್ದವು, ಆ ಲಾರಿಗಳು ಎಲ್ಲಿಗೆ ಹೋದವೋ ಇವತ್ತಿಗೂ ನನಗೆ ತಿಳಿಯದು. ಒಳ್ಳೆಯದಾಗಿ ತಲುಪಿರಲಿ.

ಮುಂದಿನ ಭಾನುವಾರ ತೆರೆಯ ಮೇಲೆ ಚುಕ್ಕೆಗಳು ಮತ್ತೆ ಬೆಟ್ಟದಿಂದ ಇಳಿದವು. ಮಾರುಕಟ್ಟೆ ಬೀದಿಗೆ ಬಂದವು, ನಿಂತವು. ಅಕ್ಕ ಮುಂದಕ್ಕೆ ಬಾಗಿದಳು. ಆಮೇಲೆ ಒಂದು ಚುಕ್ಕೆ ಹೊರಗೆ ಹೊರಟಿತು. ಅದರ ಹಿಂದೆ ಇನ್ನೊಂದು. ದೀಪಗಳು ಪೂರ್ವಕ್ಕೆ, ಪಶ್ಚಿಮಕ್ಕೆ ಹರಿದು ತೆರೆಯ ಅಂಚಿನಲ್ಲಿ ಮಾಯವಾದವು. ಕೆಂಪು ಹಗ್ಗ ಹಳದಿ ದಾರವಾಯಿತು.

"ಅದ್ರಲ್ ನಂದ್ ಯಾವ್ದು?" ಎಂದಳು ಅಕ್ಕ.

"ಎಲ್ಲಾ ಒಂದೇ ತರ ಇರುತ್ತೆ ಅಮ್ಮಾ. ಗೊತ್ತಾಗೋದಿಲ್ಲ."

"ಮೆಲ್ಲಗ್ ಓಗೋದ್ ನಂದಿರ್ಬೇಕು. ಎಲೆ ಹಾಕ್ಕೊಂಡು ಯಾರೂ ಓಡ್ಸೋದಿಲ್ಲ."

ವಿಧಾನದ ಪುಟದಲ್ಲಿ ಅಕ್ಕನ ಮಗಳು ಒಂದು ಸಾಲು ಸೇರಿಸಿದಳು: ಸ್ಥಳೀಯ ಕಾರಣಗಳಿಂದಾಗಿ ಗಮ್ಯವನ್ನು ಗಮ್ಯದಲ್ಲಿಯೇ ವಿಚಾರಿಸಲಾಯಿತು. ಅವಳ ಮೇಲಿನವರು ಅದಕ್ಕೆ ಏನೂ ಕೇಳಲಿಲ್ಲವಂತೆ. ಅವರ ಮನೆಗಳಲ್ಲೂ ಹೊರಟವರನ್ನು ಕೇಳುವುದಿಲ್ಲವೋ ಏನೋ. ಅಂದು ಸಂಜೆ ಅವಳು ಚೀಲ ಹೆಗಲಿಗೇರಿಸಿ, "ಓಯ್ಟು ಬತ್ತೀನಿ ಮಾಮಾ," ಎಂದಳು. ಮುಂದಿನ ಎಣಿಕೆ ಯಾವ ಊರಿನಲ್ಲಿ ಎಂದು ತಿಳಿಯುವ ಆಸೆ ಬಹಳ ಇತ್ತು. ಬಸ್ಸು ಹೊರಡುವ ತನಕ ನಿಂತು ಕೈ ಬೀಸಿ ಬಂದೆ.

ಆಡಳಿತದ ಆದೇಶ ನಾಲ್ಕು ತಿಂಗಳ ಮೇಲೆ ಬಂತು. ಮಾರುಕಟ್ಟೆ ಬೀದಿಗೆ ದೊಡ್ಡ ಲಾರಿಗಳು ಬರುವಂತಿಲ್ಲ. ಈರುಳ್ಳಿ ಮಂಡಿಯವರು ಬೈಪಾಸ್ ರಸ್ತೆಗೆ ಹೋದರು. ಸಣ್ಣ ಲಾರಿಗಳು ಬೆಳಿಗ್ಗೆ ಐದೂವರೆಯಿಂದ ಆರೂಕಾಲರವರೆಗೆ, ಒಂದು ಸಲಕ್ಕೆ ಎರಡರಂತೆ ನಿಲ್ಲಬಹುದು. ನಿಲ್ಲುವ ಜಾಗಕ್ಕೆ ಟೀ ಅಂಗಡಿಯ ಮುಂದೆ ಬಿಳಿ ಬಣ್ಣದ ಗೆರೆ ಹಾಕಿದ್ದಾರೆ. ಅದು ಅಕ್ಕನ ಮಂಡಿಯಿಂದ ಹದಿನೇಳು ಹೆಜ್ಜೆ; ಎಲೆಕಟ್ಟನ್ನು ನಡುವೆ ಇಳಿಸದೆ ಒಂದೇ ಸಲಕ್ಕೆ ಹೊತ್ತು ಮುಟ್ಟಿಸಬಹುದು.